ಮೊದಲ ಗೂಟ

ನ್ಯಾಯಪೀಠದ ಮೇಲೆ ಕೂತು ನಾನು ಸುಳ್ಳು ಹೇಳಿದ್ದೇನೆ. ಒಂದೇ ಸಲ — ಆದರೆ ಆ ಸುಳ್ಳಿಗೆ ಮಾಯಪ್ಪ ಎಂಬ ಕುರಿಗಾರ ಜೈಲಿಗೆ ಹೋದ. ನಿವೃತ್ತನಾಗಿ ಮಿರಜಿನಲ್ಲಿ ಮನೆ ಮಾಡಿದ ಮೇಲೆ ನನ್ನ ಬೇರಾವ ತೀರ್ಪೂ ನನ್ನನ್ನು ಕಾಡಿಲ್ಲ. ಇದೊಂದು ಮಾತ್ರ ಊಟಕ್ಕೆ ಕೂತರೂ ಬರುತ್ತದೆ, ತಿರುಗಾಡಲು ಹೋದರೂ ಬೆನ್ನು ಬಿಡುವುದಿಲ್ಲ.

ನಾನು ಯಾರೆಂದು ಮೊದಲು ಹೇಳಬೇಕು, ಇಡೀ ನೌಕರಿಯಲ್ಲಿ ಹೇಳದೆ ಉಳಿದದ್ದೇ ಅದು. ನನ್ನಪ್ಪ ಕುರಿ ಕಾಯುತ್ತಿದ್ದ. ಮಿರಜಿನ ಹತ್ತಿರದ ಆರಗದಿಂದ ಕರ್ನಾಟಕದ ಗಡಿ ದಾಟಿದರೆ ನಮ್ಮೂರು. ಅಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆ. ಆಮೇಲೆ ಸೋಲಾಪುರದ ಮಾವನ ಮನೆ, ಮರಾಠಿ, ವಕೀಲಿ, ನ್ಯಾಯಾಧೀಶನ ಕುರ್ಚಿ. ಕಾಗದದ ಮೇಲೆ ಸೋಲಾಪುರದವನಾದೆ, ನಾಲಿಗೆಯಲ್ಲೂ ಆದೆ. ಅಪೀಲು ಕೇಳುವ ಹುದ್ದೆಗೇರಿ ಸಾಂಗಲಿಗೆ ಬರುವ ಹೊತ್ತಿಗೆ ನನ್ನ ಮಾತಿನಲ್ಲಿ ಕುರಿಹಟ್ಟಿಯ ವಾಸನೆ ಒಂದಿಷ್ಟೂ ಉಳಿದಿರಲಿಲ್ಲ. ಅದಕ್ಕೆ ನನಗೆ ಜಂಬವಿತ್ತು — ಮುಚ್ಚಿಡುವುದೇಕೆ.

ಅಪೀಲಿನ ಕೆಲಸ ನನಗೆ ಚೆನ್ನಾಗಿ ಒಗ್ಗಿತ್ತು. ಅಳುವುದು, ಆಣೆ ಇಡುವುದು, ತಲೆ ಸುತ್ತಿ ಬೀಳುವುದು ಎಲ್ಲ ಕೆಳಗಿನ ಕೋರ್ಟಿನಲ್ಲೇ ಮುಗಿದಿರುತ್ತದೆ. ನಮ್ಮೆದುರಿಗೆ ಬರುವುದು ಕಾಗದ. ಮುಖ ನೋಡದೆ ನ್ಯಾಯ ಮಾಡಬಹುದು. ನನ್ನಂಥವನಿಗೆ ಇನ್ನೇನು ಬೇಕು?

ಮಾಯಪ್ಪನ ಕೇಸು ಚಿಕ್ಕದು. ಸುಗ್ಗಿ ಮುಗಿದ ಹೊಲದಲ್ಲಿ ಅವನು ಸುತ್ತ ಗೂಟ ಬಡಿದು, ಬಲೆ ಕಟ್ಟಿ ರಾತ್ರಿ ಕುರಿ ತರುಬಿದ್ದ. ಗೊಬ್ಬರವಾಗಲಿ ಎಂದು ರೈತರೇ ಕುರಿಗಾರರನ್ನು ಹೀಗೆ ಕರೆಯುತ್ತಾರೆ. ಆದರೆ ಬಲೆ ಹರಿದು ಕುರಿಗಳು ಪಕ್ಕದ ಅರಿಶಿನದ ಹೊಲಕ್ಕೆ ನುಗ್ಗಿದವು. ಆ ಹೊಲದವನು ದೊಡ್ಡ ಕುಳ. ಅವನಿಗೆ ಹೆದರಿ, ಕುರಿ ತರುಬಿಸಿಕೊಂಡ ಹೊಲದ ಮಾಲೀಕ ತಿರುಗಿಬಿದ್ದ: ‘ನಾನು ಕರೆದೇ ಇಲ್ಲ, ಇವನೇ ನುಗ್ಗಿದ.’ ಕೆಳಗಿನ ಕೋರ್ಟು ಅದನ್ನೇ ನಂಬಿ ಆರು ತಿಂಗಳ ಶಿಕ್ಷೆ ಕೊಟ್ಟಿತು.

ಪೊಲೀಸರ ಪಂಚನಾಮೆಯಲ್ಲಿ ಒಂದು ಸಾಲಿತ್ತು. ಮೂಲೆಯ ಗೂಟದ ಬುಡದಲ್ಲಿ ಒಡೆದ ತೆಂಗಿನಕಾಯಿ, ಭಂಡಾರದ ಅರಿಶಿನ. ಯಾರದೋ ಹೊಲದಲ್ಲಿ ಪೂಜೆ ಬೇರೆ ಮಾಡಿಕೊಂಡು ಕೂತಿದ್ದಾನೆ ಎಂದು ಕೆಳಗಿನವರು ಅದನ್ನೂ ಅವನ ತಲೆಗೇ ಕಟ್ಟಿದ್ದರು.

ಓದಿದೊಡನೆ ನನ್ನ ಕೈ ನಿಂತಿತು. ಮೊದಲ ಗೂಟವನ್ನು ಕುರಿಗಾರ ಬಡಿಯುವುದಿಲ್ಲ. ಹೊಲದ ಯಜಮಾನ ಬಂದು, ಭಂಡಾರ ಹಚ್ಚಿ, ಕಾಯಿ ಒಡೆದು, ತಾನೇ ಬಡಿಯಬೇಕು. ಅಲ್ಲಿಯವರೆಗೆ ನನ್ನಪ್ಪ ಎಷ್ಟೇ ಹೊತ್ತಾಗಲಿ ಬಲೆ ಬಿಚ್ಚದೆ ಬದುವಿನ ಮೇಲೆ ಕೂತಿರುತ್ತಿದ್ದ. ನಾನು ಅವನ ಕಂಬಳಿಯಲ್ಲಿ ತೂಕಡಿಸುತ್ತಿದ್ದೆ. ಆ ಕಾಯಿ ಅಲ್ಲಿದೆ ಎಂದರೆ — ಮಾಯಪ್ಪನನ್ನು ಕರೆದಿದ್ದರು.

ಮಾಲೀಕನನ್ನು ಮತ್ತೆ ಕರೆಸಿ ಒಂದು ಪ್ರಶ್ನೆ ಕೇಳುವ ಅಧಿಕಾರ ನನಗಿತ್ತು. ಆದರೆ ಆ ಪ್ರಶ್ನೆ ಸಾಹೇಬರಿಗೆ ಹೊಳೆದದ್ದು ಹೇಗೆ ಎಂದು ವಕೀಲರು ಮಾತಾಡಿಕೊಳ್ಳುತ್ತಾರೆ. ಓಹೋ, ಇವರೂ ಕುರಿಗಾರರ ಪೈಕಿಯವರೇ... ತಮ್ಮವನನ್ನು ಬಿಟ್ಟುಬಿಟ್ಟರು... ಹೀಗೆಲ್ಲ ಯೋಚಿಸಿದೆ. ಅದಕ್ಕೆ ನಾನು ನಿಷ್ಪಕ್ಷಪಾತ ಎಂದು ಹೆಸರಿಟ್ಟುಕೊಂಡೆ. ಅದು ಹೇಡಿತನ.

ವಾದದ ದಿನ, ಜಾಮೀನಿನ ಮೇಲಿದ್ದ ಮಾಯಪ್ಪ ಕೊನೆಯ ಬೆಂಚಿನಲ್ಲಿದ್ದ. ಅವನ ವಕೀಲರಿಗೂ ಕಾಯಿಯ ಅರ್ಥ ತಿಳಿದಿರಲಿಲ್ಲ, ಅವರು ಬೇರೇನೋ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಅವನು ಎದ್ದು ನಿಂತ. ಗಾಬರಿಯಲ್ಲಿ ಮರಾಠಿ ಬಿಟ್ಟುಹೋಗಿತ್ತು.

“ಸಾಹೇಬ್ರ, ಮೊದಲನೇ ಗೂಟಾ ಯಾರ ಬಡದ್ರು ಅಂತ ಅವಗ ಒಂದ ಮಾತ ಕೇಳ್ರಿ!”

ವಕೀಲರು ಅವನ ಅಂಗಿ ಜಗ್ಗಿದರು. ಕೋರ್ಟು ನನ್ನತ್ತ ನೋಡಿತು. ನಾನು ಮರಾಠಿಯಲ್ಲಿ ಹೇಳಿದೆ — “ಮಲಾ ಕನ್ನಡ ಯೇತ್ ನಾಹೀ.” ನನಗೆ ಕನ್ನಡ ಬರುವುದಿಲ್ಲ.

ಅವನು ಕ್ಷಣಹೊತ್ತು ನನ್ನನ್ನೇ ನೋಡಿ ಕೂತುಬಿಟ್ಟ. ಅಪೀಲು ವಜಾ ಮಾಡಿದೆ. ಖಡಕ್ ಸಾಹೇಬರು ಎಂಬ ಹೆಸರಿನೊಂದಿಗೇ ಮುಂದಿನ ಬಡ್ತಿಗಳು ಬಂದವು.

ಹೋದ ತಿಂಗಳು ಕುಪವಾಡದ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರೊಬ್ಬರ ವರ್ಕ್‌ಶಾಪಿನ ಪೂಜೆಗೆ ಹೋಗಿದ್ದೆ. ಗೇಟು ತೆರೆದ ಮುದುಕ ಕಾವಲುಗಾರನ ಮುಖ ನೋಡಿದೊಡನೆ ಗುರುತು ಸಿಕ್ಕಿ ಅಲ್ಲೇ ನಿಂತೆ. ಒಳಗೆ ಮಂತ್ರ ಶುರುವಾಗಿತ್ತು; ನಾನು ಹೋಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪರರೆದುರು ಕನ್ನಡದಲ್ಲಿ ಬಾಯಿ ಬಿಟ್ಟೆ. “ಮಾಯಪ್ಪಾ, ನನಗ ಅವತ್ತ ತಿಳದಿತ್ತು.”

“ಗೊತ್ತೈತ್ರಿ,” ಎಂದ. “ನಾ ಗೂಟಾ ಅಂದಕೂಡ್ಲೆ ನೀವು ಮಾರಿ ಕೆಳಗ ಹಾಕಿದ್ರಿ. ತಿಳೀದಿದ್ದಂವ ಮಾರಿ ಯಾಕ ಕೆಳಗ ಹಾಕ್ತಾನ್ರಿ?”

“ಮತ್ತ ಯಾರ ಮುಂದೂ ಯಾಕ ಹೇಳಲಿಲ್ಲ?”

“ಹೇಳಿದ್ರ ಯಾರ ನಂಬ್ತಿದ್ರು? ಕುಂದ್ರಿ, ಚಾ ಕುಡೀರಿ.”

ಅವನ ಪಕ್ಕದಲ್ಲೇ ಕೂತೆ. ಅವನು ಜೈಲಿನಲ್ಲಿದ್ದಾಗ ಹೆಂಡತಿ ಒಬ್ಬಳೇ ಹಿಂಡು ನಿಭಾಯಿಸಲಾಗದೆ ಕುರಿಗಳನ್ನೆಲ್ಲ ಮಾರಿದಳಂತೆ. ಕ್ಷಮಿಸು ಎನ್ನಲು ಹೋದೆ — ಅವನು ಕೈಯೆತ್ತಿ ತಡೆದ.

“ನನಗ ಹೇಳಿ ಏನ್ ಮಾಡ್ತೀರಿ, ನನಗ ಗೊತ್ತಿದ್ದಿದ್ದ ಐತಿ. ನನ್ನ ಮಗ ಆರಗದಾಗ ಅದಾನ. ಕರೀಲಾರದ ಮಂದಿ ಹೊಲಕ್ಕ ಯಾಕ ಹೋಗಿದ್ದಿ ಅಂತ ಇವತ್ತಿಗೂ ಕೇಳ್ತಾನ. ಕೋರ್ಟ್ ಹೇಳೇತಲ್ಲಾ ಅಂತಾನ. ಅವಗ ಹೇಳ್ರಿ.”

ಅಂದಿನಿಂದ ಎರಡು ಬಾರಿ ಆರಗದ ಬಸ್ಸು ಹತ್ತಿ ನಡುವೆಯೇ ಇಳಿದು ವಾಪಸು ಬಂದಿದ್ದೇನೆ. ಅದಕ್ಕೇ ಇದನ್ನು ಬರೆದೆ — ಇನ್ನು ಹಿಂದಿರುಗಲು ನನಗೆ ದಾರಿ ಇರಬಾರದು ಎಂದು. ಮಗನಿಗೆ ಕನ್ನಡ ತಿಳಿಯುತ್ತದೆ, ಆಡಲು ಅಷ್ಟಾಗಿ ಬರುವುದಿಲ್ಲವಂತೆ. ನಾಳೆ ಅವನ ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಹೇಳುತ್ತೇನೆ. ಕೇಳಿದರೆ ಮರಾಠಿಯಲ್ಲೂ ಹೇಳುತ್ತೇನೆ. ನಿಮ್ಮಪ್ಪನನ್ನು ಕರೆದಿದ್ದರು. ನನಗೆ ಗೊತ್ತಿತ್ತು.