ಸಾಹೇಬರ ಮೇಲೆ ಸುರಿದ ಹೂಮಳೆ

ತಲೆ ಕೆಟ್ಟು ಹೇಳುತ್ತಿದ್ದೇನೆ, ಗೆಳೆಯರೇ. ಇವತ್ತು ನಮ್ಮೂರಿಗೆ ಮತ ಕೇಳಲು ಬಂದ ಅಭ್ಯರ್ಥಿಯನ್ನು ನಿಲ್ಲಿಸಿ ಕೇಳಿಯೇಬಿಟ್ಟೆ.

"ಸಾಹೇಬ್ರ, ಭೀಮಾ ಹೊಳಿ ಉಸುಕು ತೋಡಿ ತೋಡಿ ಒಯ್ದಿದ್ದಕ್ಕ ನನ್ನ ಬಾವಿ ಬತ್ತೈತಿ. ಗೆದ್ರ ಏನ್ ಮಾಡ್ತೀರಿ?"

"ಕಾಕಾ, ಒಂದು ಹಿಡಿ ಉಸುಕು ಊರು ದಾಟಾಕ ಬಿಡೂದಿಲ್ಲ!"

ಕಾರ್ಯಕರ್ತರು ಹುರುಪಿನಿಂದ ಕೈಸನ್ನೆ ಮಾಡಿದರು. ಸ್ವಾಗತಕ್ಕೆ ತರಿಸಿದ್ದ ಜೆಸಿಬಿ ಬಕೆಟ್ ಎತ್ತಿ ಸಾಹೇಬರ ಮೇಲೆ ಚೆಂಡುಹೂ ಸುರಿಯಿತು. ಹೂವಿನ ಜೊತೆ ಹಸಿ ಉಸುಕೂ ಸುರಿಯಿತು.

"ಏನೋ ಇದು?" ಸಾಹೇಬರು ಕಣ್ಣುಜ್ಜಿಕೊಂಡರು.

"ಹೊಳ್ಯಾಗಿಂದ ಸೀದಾ ಬಂದೇನ್ರಿ. ಬಕೆಟ್ ತೊಳ್ಯಾಕ ನಿಮ್ಮ ಮಂದಿ ಬಿಡಲಿಲ್ರಿ," ಎಂದ ಡ್ರೈವರ್.

ಜನ ಚಪ್ಪಾಳೆ ಬೇರೆ ತಟ್ಟಿದರು! ಜೆಸಿಬಿ ಮತ್ತೆ ಹೊಳೆಯ ಕಡೆ ತಿರುಗಿತು, ಸಾಹೇಬರ ಕಾರು ಸಿಂದಗಿ ರಸ್ತೆ ಹಿಡಿಯಿತು. ಒಂದು ಹಿಡಿ ಉಸುಕಂತೂ ಅವರ ಕೂದಲಲ್ಲೇ ಕೂತು ಊರು ದಾಟಿತು.