ಕುಡಿದು ತೋರಿಸಿದ ಮದ್ದು

ಗುಟುಕಣ್ಣ ಎಂದು ಊರು ಅವನನ್ನು ಕರೆಯುತ್ತಿದ್ದದ್ದು ನೀವು ಅಂದುಕೊಂಡ ಗುಟುಕಿಗಾಗಿ ಅಲ್ಲ. ಅವನು ಕೆಲಸಕ್ಕಿದ್ದ ಬೀಜ, ಗೊಬ್ಬರದ ಅಂಗಡಿಯಲ್ಲಿ ಮಾರಲು ಅವನ ಪಾಲಿಗೆ ಬಂದ ಸರಕು ಒಂದೇ, ಹುಳು ಕೊಲ್ಲುವ ಬೂದು ಪುಡಿ. ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನೇ ಅದರ ಜೀವಾಳ. ಮನುಷ್ಯರಿಗೆ ಏನೂ ಮಾಡದು ಎಂದು ತೋರಿಸಲು ಗಿರಾಕಿಯೆದುರೇ ಒಂದು ಚಿಟಿಕೆ ನೀರಿಗೆ ಕದಡಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ನಗುತ್ತಿದ್ದ.

ಗಿರಾಕಿಯೂ ನಗುತ್ತಿದ್ದ. “ನಿನಗೇ ಜೀರ್ಣ ಆಗೋದು ಹುಳಾನ ಏನು ಕೊಲ್ಲುತ್ತಯ್ಯಾ?”

“ನಮ್ಮ ಹೊಟ್ಟೆ ಹುಳಿ, ಅಣ್ಣ. ಎಲೆ ತಿನ್ನೋ ಹುಳದ ಹೊಟ್ಟೆ ಸೋಪಿನ ನೀರಿದ್ದ ಹಾಗೆ. ಅಲ್ಲಿ ಈ ಪ್ರೋಟೀನು ಕರಗಿ ಕರುಳಿಗೇ ತೂತು ಕೊರೆಯುತ್ತೆ. ಹುಳ ತಿನ್ನೋದು ಬಿಟ್ಟು ಎರಡು ಮೂರು ದಿನಕ್ಕೆ ಸಾಯುತ್ತೆ.”

“ಅಲ್ಲೀವರೆಗೆ ಕಾಯ್ತಾ ಕೂರ್ಬೇಕಾ?” ಎಂದು ಗಿರಾಕಿ ಪಕ್ಕದ ಕಪಾಟಿನಿಂದ ಮೂಗು ಉರಿಯುವಂಥ ಡಬ್ಬಿ ಹಿಡಿದು ಹೊರಡುತ್ತಿದ್ದ. ವಾಸನೆಯಿಲ್ಲದ ವಿಷವನ್ನು ಯಾರು ನಂಬುತ್ತಾರೆ! ಪುಡಿ ಖರ್ಚಾಗದಿದ್ದರೆ ಹಂಗಾಮು ಮುಗಿದ ಮೇಲೆ ಕೆಲಸಕ್ಕೆ ಬರಬೇಡ ಎಂದು ಯಜಮಾನ ಹೇಳಿಯಾಗಿತ್ತು.

ಕೊನೆಗೆ ಅಕ್ಕನ ಹಿತ್ತಲಿನ ಎಲೆಕೋಸಿಗೇ ಹೊಡೆದು ಊರಿಗೆಲ್ಲ ತೋರಿಸುತ್ತೇನೆಂದು ಹಟ ತೊಟ್ಟ. ಕೋಸಿನ ಮಗ್ಗುಲಲ್ಲೇ ಅಕ್ಕನ ಹಿಪ್ಪುನೇರಳೆ. ಆ ಸೊಪ್ಪು ತಿಂದು ಬೆಳೆದ ರೇಷ್ಮೆ ಹುಳುಗಳು ಒಳಕೋಣೆಯ ತಟ್ಟೆಗಳಲ್ಲಿ. ಗಂಡ ಹೋದ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದು ಆ ಹುಳುಗಳಿಂದಲೇ.

“ಗಾಳಿ ಸೊಪ್ಪಿನ ಕಡೆ ಬೀಸ್ತಿದೆ ಕಣೋ. ನನ್ನ ಹುಳಕ್ಕೇನೂ ಆಗಲ್ಲ ತಾನೆ?”

ಹುಳದ ಹೊಟ್ಟೆಯ ಪಾಠ ದಿನವೂ ಒಪ್ಪಿಸುತ್ತಿದ್ದವನಿಗೆ ಅಕ್ಕನ ಹುಳುವೂ ಹುಳುವೇ ಎಂಬುದು ಹೊಳೆಯಲಿಲ್ಲ. ಪಳಗಿದ ಕೈ, ತನ್ನಷ್ಟಕ್ಕೆ ಲೋಟ ಎತ್ತಿತು. ಗಟಗಟ ಕುಡಿದ. “ನೋಡಕ್ಕಾ, ನನಗೇನಾಯ್ತು?”

ಅಕ್ಕ ನಂಬಿದಳು. ಊರಿನಲ್ಲಿ ಅವನನ್ನು ನಂಬಿದ ಮೊದಲ ಜೀವ ಅವಳೇ. ಅವನು ಕೋಸಿಗೆ ಹೊಡೆದ ಮದ್ದು ಗಾಳಿಗೆ ಸೊಪ್ಪಿನ ಮೇಲೂ ಬಿತ್ತು. ಸಂಜೆ ಅದೇ ಸೊಪ್ಪು ಕೊಯ್ದು ತಟ್ಟೆಗಳಿಗೆ ಹಾಕಿದಳು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಮರುದಿನ ಸೊಪ್ಪು ಮುಟ್ಟಲಿಲ್ಲ. ಅದರ ಮರುದಿನ ಮೆತ್ತಗಾಗಿ, ಕಪ್ಪಿಟ್ಟು ಬಿದ್ದಿದ್ದವು. ಗುಟುಕಣ್ಣ ಹೇಳುತ್ತಿದ್ದ ಹಾಗೆಯೇ, ಒಂದಕ್ಷರ ತಪ್ಪದೆ. ಅವನು ಬಾಗಿಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಸುದ್ದಿ ಹಬ್ಬಿತು. ಅಂಗಡಿಯ ಮುಂದೆ ಜನ ಸಾಲುಗಟ್ಟಿದರು. ಪುಡಿ ಖಾಲಿಯಾಗಿ ಯಜಮಾನ ಮತ್ತೆ ತರಿಸಿದ. ಈಗ ಯಾರೂ ಕುಡಿದು ತೋರಿಸು ಅನ್ನುವುದಿಲ್ಲ. ಅನುಮಾನವಿದ್ದವರು ನೇರ ಅಕ್ಕನ ಮನೆಗೇ ಹೋಗಿ ವಿಚಾರಿಸುತ್ತಾರೆ.

ಅವಳು ಬರಿದಾದ ತಟ್ಟೆಗಳನ್ನು ಉಜ್ಜುತ್ತಾ, ತಲೆಯೆತ್ತದೆ ಹೇಳುತ್ತಾಳೆ: “ನಂಬಿ ತಗೊಂಡು ಹೋಗಿ. ನನ್ನ ತಮ್ಮನ ಮದ್ದು. ಒಂದೂ ಉಳಿಯಲ್ಲ.”