ಎರಡೂ ಕೈ ಸ್ಟೇರಿಂಗ್ ಮೇಲೆ

ನನ್ನ ಅಣ್ಣ ಜೀಪಿನಲ್ಲಿ ಬಾಡಿಗೆ ಹೊಡೆಯುತ್ತಿದ್ದ. 2005ರ ಸುಮಾರಿಗೆ ಮೊಬೈಲ್ ಕೊಂಡ ಮೇಲೆ ಅವನ ಗತ್ತು ಕೇಳುವುದೇ ಬೇಡ. ನಾನು ಹೊಲಿಗೆ ಕಲಿಯಲು ಸವದತ್ತಿಗೆ ಹೋಗುತ್ತಿದ್ದೆ, ಸಂಜೆ ಅವನ ಗಾಡಿಯಲ್ಲೇ ಉಗರಗೋಳಕ್ಕೆ ಮರಳುತ್ತಿದ್ದೆ. ಮುಂದಿನ ಸೀಟು ನನಗೆ ಖಾಯಂ. ತಂಗಿ ಎಂಬ ಅಕ್ಕರೆಗಲ್ಲ. ಫೋನ್ ಬಂದಾಗ ಅದನ್ನು ಅವನ ಕಿವಿಗೆ ಹಿಡಿಯುವ ಕೆಲಸ ನನ್ನದಾಗಿತ್ತು.

ಹಿಂದೆ ಕೂತ ಹಿರಿಯರು ಯಾರಾದರೂ ತಕರಾರು ತೆಗೆದರೆ ಅವನ ಉತ್ತರ ತಯಾರಿರುತ್ತಿತ್ತು. "ಎರಡೂ ಕೈ ಸ್ಟೇರಿಂಗ್ ಮ್ಯಾಲ ಅದಾವ್ರಿ, ಕಣ್ಣ ರಸ್ತಾದ ಮ್ಯಾಲ ಅದಾವು. ಇನ್ನೇನ ಬೇಕ್ರಿ ನಿಮಗ?" ಒಂದೇ ಕೈಯಲ್ಲಿ ಬೈಕ್ ಓಡಿಸುತ್ತ ಫೋನಿನಲ್ಲಿ ಮಾತಾಡುವವರನ್ನು ಕಂಡರೆ ಅವನೇ ಬೈಯುತ್ತಿದ್ದ. ತಾನು ಶಿಸ್ತಿನ ಡ್ರೈವರ್ ಎಂದು ಅವನು ನಂಬಿದ್ದ. ನಾನೂ ನಂಬಿದ್ದೆ. ಹಾಗೆ ನಂಬಿದ್ದಕ್ಕೆ ನನ್ನ ಮೇಲೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಸಂಜೆ ತೊರಗಲ್‌ನಿಂದ ಯಾರೋ ಮರುದಿನಕ್ಕೆ ಗಾಡಿ ಕೇಳಲು ಫೋನ್ ಮಾಡಿದ್ದರು. ಎಷ್ಟು ಜನ, ಎಷ್ಟು ಹೊತ್ತಿಗೆ ಬರಬೇಕು ಎಂದು ಅಣ್ಣ ವಿಚಾರಿಸುತ್ತಿದ್ದ. ನಮ್ಮೂರು ಹತ್ತಿರ ಬಂದಿತ್ತು. ದನಗಳಿಗೆ ಕಣಿಕಿಯ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ಬದಿಯಲ್ಲಿ ನಿಂತಿದ್ದಳು. ಅಣ್ಣನ ಕಣ್ಣು ನೆಟ್ಟಗೆ ಅವಳತ್ತಲೇ ಇತ್ತು. ಅವಳು ರಸ್ತೆಗೆ ಕಾಲಿಟ್ಟಳು. ಅಣ್ಣಾ ಎಂದು ಕೂಗಿದೆ. ಅವನ ಧ್ಯಾನ ತೊರಗಲ್‌ನಲ್ಲಿತ್ತು. ಬ್ರೇಕ್ ಒತ್ತುವಷ್ಟರಲ್ಲಿ ಬಂಪರ್ ಅವಳ ಕಾಲಿಗೆ ಬಡಿದಿತ್ತು.

ಡ್ರೈವರ್ ಕೈಯಲ್ಲಿ ಫೋನ್ ಇತ್ತೇ ಎಂದು ಫೌಜದಾರರು ಕೇಳಿದರು. ಇರಲಿಲ್ಲ ಎಂದೆ. ಅದು ನಿಜವೇ. ಆ ನಿಜದಿಂದಲೇ ತಪ್ಪೆಲ್ಲ ಅವಳ ತಲೆಗೆ ಬಂತು. ಹೊರೆ ಹೊತ್ತವಳು ಹಿಂದೆ ಮುಂದೆ ನೋಡದೆ ಅಡ್ಡ ಬಂದಳು ಎಂದು ಬರೆದುಕೊಂಡರು. ಆಸ್ಪತ್ರೆಯಲ್ಲಿ ಅವಳ ಗಂಡನೂ ಅವಳನ್ನೇ ಬೈದನಂತೆ, ಕಣ್ಣು ಎಲ್ಲಿಟ್ಟಿದ್ದಿ ಎಂದು.

ಮೂರು ದಿನ ಬಿಟ್ಟು ಬುತ್ತಿ ಕಟ್ಟಿಕೊಂಡು ನೋಡಲು ಹೋದೆ. ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ನಾನು ಯಾರೆಂದು ಗೊತ್ತಿದ್ದೂ ಅವಳು ಬೈಯಲಿಲ್ಲ.

"ನಾ ನೋಡಲಾರದ ಬಂದ್ನಿ ಅಂತಾರ ಎಲ್ಲಾರೂ," ಎಂದಳು. "ನಾ ನೋಡೇನಿ ಯವ್ವಾ. ನಿಮ್ಮಣ್ಣನೂ ನನ್ನ ನೋಡಿದ. ನೋಡ್ಯಾನ, ಇನ್ನ ಗಾಡಿ ನಿಂದರಸ್ತಾನ ಅಂತ ದಾಟಿದ್ನಿ."

ಮೈಯೆಲ್ಲ ಉರಿಯಿತು. ಅಣ್ಣನ ಮೇಲೆ, ಅವಳ ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ. ಬುತ್ತಿ ಅಲ್ಲಿಟ್ಟು ನೇರ ಠಾಣೆಗೆ ಹೋದೆ. ಅವನು ಫೋನಿನಲ್ಲಿ ಮಾತಾಡುತ್ತಿದ್ದ, ಹಿಡಿದವಳು ನಾನು, ಇಬ್ಬರನ್ನೂ ಬರೆದುಕೊಳ್ಳಿ ಎಂದೆ. ಮನೆಯಲ್ಲಿ ಕೇಳಿಕೊಂಡು ಬಾ ಎಂದರು. ಬರೆಯುವ ತನಕ ನಾನು ಬೆಂಚು ಬಿಟ್ಟು ಏಳಲಿಲ್ಲ.

ತಂಗಿ ಮೋಸ ಮಾಡಿದಳು ಎಂದು ಅಣ್ಣ ಮಾತು ಬಿಟ್ಟ. ಬಿಡಲಿ. ಆ ಹೆಂಗಸು ಈಗಲೂ ಕುಂಟುತ್ತ ಹೊಲಕ್ಕೆ ಹೋಗುತ್ತಾಳೆ. ಯಾವ ಡ್ರೈವರ್ ಅವಳನ್ನು ನೋಡಿ ದಾಟು ಎಂದು ಕೈ ಮಾಡಿದರೂ ಗಾಡಿ ಪೂರ್ತಿ ನಿಲ್ಲುವ ತನಕ ರಸ್ತೆಗೆ ಕಾಲಿಡುವುದಿಲ್ಲ.